ನೆಲದ ಶಾಖ ನಿಮ್ಮ ಕಟ್ಟಡಕ್ಕೆ ಒಗ್ಗುತ್ತದೆಯೇ? ಶಾಲೆ, ಆಸ್ಪತ್ರೆ, ದೇವಸ್ಥಾನ, ಆಫೀಸುಗಳಿಗೆ ಒಂದು ಹೋಲಿಕೆ

ಬಿಲ್ಡಿಂಗ್ ಕಮಿಟಿಗಳಲ್ಲಿರುವ ಕನ್ನಡಿಗರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಕೊಟೇಶನ್ ಕೈಗೆ ಬಂದ ಮೇಲೆ. ದೇವಸ್ಥಾನದ ಟ್ರಸ್ಟಿ ಇರಬಹುದು, ಸ್ಕೂಲ್ ಬೋರ್ಡಿನ ಸದಸ್ಯರಿರಬಹುದು, ಸಣ್ಣ ಹೋಟೆಲಿನ ಮಾಲೀಕರಿರಬಹುದು. ಎಲ್ಲರೂ ಅಮೆರಿಕದ ಮಿಡ್‌ವೆಸ್ಟ್‌ನ ಚಳಿಗೆ ಗ್ಯಾಸ್ ಬಿಲ್ ಕಟ್ಟಿ ಸಾಕಾದವರು. "ಜಿಯೋಥರ್ಮಲ್ ಹಾಕಿಸೋಣ ಅಂತಿದ್ದೀವಿ, ನೀವೇನಂತೀರಿ?" ಎನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಜುಲೈ ತಿಂಗಳಲ್ಲಿ ನಿಮ್ಮ ಕಟ್ಟಡದಲ್ಲಿ ಎಷ್ಟು ಜನ ಇರ್ತಾರೆ?" ಚಳಿಗಾಲದ ಮಾತಿಗೆ ಬೇಸಿಗೆಯ ಪ್ರಶ್ನೆ ಎಲ್ಲಿಂದ ಬಂತೆಂದು ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಗದೆ ಯಾವ ಕೊಟೇಶನ್ನನ್ನೂ ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ.

ಮೊದಲು ಹೆಸರಿನ ಗೊಂದಲ. ಇಡಾಹೋದ ಬಾಯ್ಸಿ ನಗರದಲ್ಲಿ ನೆಲದಾಳದಿಂದ ಬರುವ ಬಿಸಿನೀರಿನಿಂದಲೇ ರಾಜ್ಯದ ಶಾಸನಭವನ ಬೆಚ್ಚಗಿರುತ್ತದೆ. ಒರೆಗಾನಿನ ಕ್ಲಾಮತ್ ಫಾಲ್ಸ್‌ನ ತಾಂತ್ರಿಕ ವಿದ್ಯಾಲಯವೂ 1964ರಿಂದ ಹಾಗೆಯೇ ನಡೆದಿದೆ. ಅದು ಬಿಸಿನೀರಿನ ಬುಗ್ಗೆ ಇರುವ ಊರುಗಳ ಭಾಗ್ಯ. ನಮ್ಮಲ್ಲಿ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆಯಲ್ಲ, ಆ ಜಾತಿಯದು. ಈ ಬರಹ ಅದರ ಬಗ್ಗೆ ಅಲ್ಲ. ಸಾಮಾನ್ಯ ನೆಲದಲ್ಲಿ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಮಣ್ಣು-ಬಂಡೆಯಲ್ಲಿ, ಪೈಪು ಇಳಿಸಿ ಹೀಟ್ ಪಂಪಿನಿಂದ (ಫ್ರಿಜ್ಜಿನ ಹಾಗೆ ಕಂಪ್ರೆಸರಿನಿಂದ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರ) ಶಾಖವನ್ನು ಎತ್ತುವುದು, ಇಳಿಸುವುದು, ಅದರ ಬಗ್ಗೆ.

ಮಲೆನಾಡಿನಲ್ಲಿ ಬೆಳೆದವರಿಗೆ ಇದರ ತತ್ವ ಮೊದಲೇ ಗೊತ್ತು. ಡಿಸೆಂಬರಿನ ಬೆಳಗಿನ ಜಾವ ಬಾವಿಯಿಂದ ಸೇದಿದ ನೀರು ಹಬೆಯಾಡುತ್ತದೆ, ಏಪ್ರಿಲ್ ಮಧ್ಯಾಹ್ನ ಅದೇ ನೀರು ಮೈಗೆ ತಂಪು. ಸುಮಾರು 30 ಅಡಿ ಕೆಳಗೆ ಇಳಿದರೆ ನೆಲದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಆ ಊರಿನ ಗಾಳಿಯ ವಾರ್ಷಿಕ ಸರಾಸರಿಗೆ ಹತ್ತಿರ. ಇಂಡಿಯಾನಾದಲ್ಲಿ ಅದು 12-13 ಡಿಗ್ರಿ ಸೆಲ್ಸಿಯಸ್. ಹೊರಗೆ ಮೈನಸ್ 20 ಇರುವಾಗ 12 ಡಿಗ್ರಿಯ ನೆಲದಿಂದ ಶಾಖ ಎತ್ತುವುದು ಸುಲಭ. ಹೊರಗೆ 35 ಇರುವಾಗ ಅದೇ ನೆಲಕ್ಕೆ ಶಾಖ ಇಳಿಸುವುದೂ ಸುಲಭ.

ನೆಲ ಒಂದು ಹಗೇವು

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಸುಗ್ಗಿಯಲ್ಲಿ ತುಂಬಬೇಕು, ಬೇಕಾದಾಗ ತೆಗೆಯಬೇಕು. ತುಂಬದೆ ತೆಗೆಯುತ್ತಲೇ ಇದ್ದರೆ ತಳ ಕಾಣುತ್ತದೆ. ತೆಗೆಯದೆ ತುಂಬುತ್ತಲೇ ಇದ್ದರೆ ಒಂದು ದಿನ ಜಾಗವಿರುವುದಿಲ್ಲ. ಕಟ್ಟಡಕ್ಕಾಗಿ ಕೊರೆದು ಪೈಪು ಇಳಿಸಿದ ಬೋರ್‌ಗಳ ಹೊಲವೂ ಹೀಗೆಯೇ. ಬೇಸಿಗೆಯಲ್ಲಿ ಒಳಗಿನ ಶಾಖವನ್ನು ಅಲ್ಲಿ ತುಂಬುತ್ತೀರಿ, ಚಳಿಗಾಲದಲ್ಲಿ ತೆಗೆಯುತ್ತೀರಿ. ಬಂಡೆ ಶಾಖವನ್ನು ಬಲು ನಿಧಾನವಾಗಿ ದಾಟಿಸುವುದರಿಂದ, ನಡುವಿನ ಬೋರ್‌ಗಳಿಗೆ ಹೊರಗಿನ ನೆಲದ ನೆರವು ಅಷ್ಟಾಗಿ ಸಿಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಅನೇಕ ಕೊಟೇಶನ್‌ಗಳು ಅದನ್ನು ಮುಟ್ಟುವುದೇ ಇಲ್ಲ. ಹೀಟ್ ಪಂಪು 1 ಯೂನಿಟ್ ವಿದ್ಯುತ್ತಿಗೆ 4 ಯೂನಿಟ್ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಕಟ್ಟಡಕ್ಕೆ 100 ಯೂನಿಟ್ ಬಿಸಿ ಬೇಕಾದರೆ 25 ಕಂಪ್ರೆಸರಿನಿಂದಲೇ ಬರುತ್ತದೆ, ನೆಲದಿಂದ ಬರುವುದು 75. ಅದೇ 100 ಯೂನಿಟ್ ತಂಪು ಬೇಕಾದರೆ ಕಂಪ್ರೆಸರಿನ 25 ಯೂನಿಟ್ಟೂ ಸೇರಿ ನೆಲಕ್ಕೆ ಹೋಗುವುದು 125. ಬಿಸಿಯೂ ತಂಪೂ ಸರಿಸಮ ಬೇಕಾಗುವ ಕಟ್ಟಡ ಕೂಡ ವರ್ಷಕ್ಕೆ 50 ಯೂನಿಟ್ ಹೆಚ್ಚಾಗಿ ನೆಲಕ್ಕೆ ತುಂಬುತ್ತದೆ!

ನ್ಯೂಜೆರ್ಸಿಯ ಸ್ಟಾಕ್ಟನ್ ಕಾಲೇಜು (ಈಗ ವಿಶ್ವವಿದ್ಯಾಲಯ) 1994ರಲ್ಲಿ ತಲಾ 425 ಅಡಿಯ 400 ಬೋರ್‌ಗಳ ಹೊಲವನ್ನು ಚಾಲೂ ಮಾಡಿತು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ತರಗತಿ, ಕಂಪ್ಯೂಟರು, ಜನ ಎಲ್ಲ ಸೇರಿ ಕಟ್ಟಡಗಳಿಗೆ ತಂಪೇ ಹೆಚ್ಚು ಬೇಕಾಯಿತು. ವರ್ಷದಿಂದ ವರ್ಷಕ್ಕೆ ಬೋರ್‌ಗಳ ನೆಲ ಬಿಸಿಯೇರುತ್ತ ಹೋದದ್ದನ್ನು ಅಲ್ಲಿನ ಪ್ರಾಧ್ಯಾಪಕರೇ ಅಳೆದು ಪ್ರಕಟಿಸಿದರು. ಎಲ್ಲವನ್ನೂ ಮುಚ್ಚಿಡದೆ ಹೇಳಿದ್ದಕ್ಕೆ ಅವರಿಗೆ ನಾವು ಋಣಿಗಳು. ನಂತರದ ವಿನ್ಯಾಸಕಾರರು 20, 30 ವರ್ಷ ಮುಂದಕ್ಕೆ ಲೆಕ್ಕ ಹಾಕುವುದನ್ನು ರೂಢಿ ಮಾಡಿಕೊಂಡದ್ದು ಇಂಥ ಅನುಭವಗಳಿಂದ.

ಈಗ ಜುಲೈ ಪ್ರಶ್ನೆಗೆ ಬನ್ನಿ. ಮಿನೆಸೋಟದ ಶಾಲೆ ಬೇಸಿಗೆಯಲ್ಲಿ ಖಾಲಿ. ತೆಗೆಯುವುದೇ ಜಾಸ್ತಿ, ತುಂಬುವುದು ಕಡಿಮೆ. ಅದಕ್ಕೆ ಬೋರ್‌ಗಳ ನಡುವೆ ಅಂತರ ಹೆಚ್ಚು ಬೇಕು, ಇಲ್ಲವೇ ತೀರಾ ಚಳಿಯ ದಿನಗಳಿಗೆ ಒಂದು ಸಣ್ಣ ಬಾಯ್ಲರ್ ಇಟ್ಟುಕೊಳ್ಳಬೇಕು. ದೊಡ್ಡ ಆಫೀಸಿನ ಒಳಭಾಗಕ್ಕೆ ಹೊರಗೆ ಹಿಮ ಬೀಳುತ್ತಿದ್ದರೂ ತಂಪು ಬೇಕು. ಅಲ್ಲಿ ತುಂಬುವುದು ಹೆಚ್ಚು, ಆದ್ದರಿಂದ ಪಕ್ಕದಲ್ಲಿ ಹೆಚ್ಚಾದ ಶಾಖವನ್ನು ನೀರಿನ ಆವಿಯಾಗಿ ಗಾಳಿಗೆ ಬಿಡುವ ಕೂಲಿಂಗ್ ಟವರ್ ಇರಲಿ. ಆಸ್ಪತ್ರೆ, ಹಾಸ್ಟೆಲ್, ಹೋಟೆಲ್‌ಗಳು ನನ್ನ ಮಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ ಕಟ್ಟಡಗಳು: ಹಗಲೂ ರಾತ್ರಿ ಜನ, ಒಂದು ಕಡೆ ತಂಪು ಬೇಕಾದ ಹೊತ್ತಿಗೇ ಇನ್ನೊಂದು ಕಡೆ ಸ್ನಾನಕ್ಕೆ, ಅಡುಗೆಮನೆಗೆ ಬಿಸಿನೀರು.

ದೇವಸ್ಥಾನದ ಸಭಾಂಗಣದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ವಾರದ ಐದು ದಿನ ಅರ್ಚಕರು ಮತ್ತು ನಾಲ್ಕಾರು ಭಕ್ತರು. ಯುಗಾದಿಗೆ, ಗಣೇಶ ಚೌತಿಗೆ ಸಾವಿರ ಜನ. ವರ್ಷದಲ್ಲಿ ಹತ್ತು ದಿನದ ಜಾತ್ರೆಗೆ ಸಾಲುವಷ್ಟು ಬೋರ್ ಕೊರೆಸಿದರೆ ಉಳಿದ ದಿನ ಅವು ಸುಮ್ಮನಿರುತ್ತವೆ, ಭಕ್ತರ ಕಾಣಿಕೆ ನೆಲದಲ್ಲಿ ಹೂತ ಹಾಗೆ. ಗರ್ಭಗುಡಿ, ಅರ್ಚಕರ ವಸತಿ, ಆಫೀಸು, ಮಕ್ಕಳ ತರಗತಿಗಳನ್ನು ಲೂಪಿಗೆ, ಅಂದರೆ ನೆಲದೊಳಗಿನ ಪೈಪಿನ ಸುತ್ತಿಗೆ, ಹಾಕಿ, ಸಭಾಂಗಣಕ್ಕೆ ಮಾಳಿಗೆಯ ಮೇಲೆ ಕೂರುವ ಸಾಮಾನ್ಯ ಯಂತ್ರ ಇಡಿ. ಯಾವ ಕಟ್ಟಡವೇ ಆಗಲಿ, ತುತ್ತತುದಿಯ ಬೇಡಿಕೆಯ ಅರ್ಧದಷ್ಟಕ್ಕೆ ಲೂಪ್ ಮಾಡಿದರೂ ವರ್ಷದ ಶಾಖದ ಬಹುಪಾಲು ಅದರಿಂದಲೇ ಬರುತ್ತದೆ, ಏಕೆಂದರೆ ಆ ತುತ್ತತುದಿ ಇರುವುದು ಕೆಲವೇ ಗಂಟೆ.

ಲೂಪ್‌ಗಳಲ್ಲಿ ಯಾವುದು?

ಲಂಬ ಬೋರ್ ಎಲ್ಲ ಕಡೆ ಸಲ್ಲುವ ಆಯ್ಕೆ. ನಾಲ್ಕರಿಂದ ಆರು ಇಂಚಿನ ಬೋರ್ ಕೊರೆದು, ತಳದಲ್ಲಿ ತಿರುಗಿ ಮೇಲೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ಇಳಿಸಿ, ಉಳಿದ ಜಾಗವನ್ನು ಬೆಂಟೊನೈಟ್ ಗ್ರೌಟಿನಿಂದ (ಜೇಡಿಮಣ್ಣಿನ ಗಾರೆ) ತುಂಬುತ್ತಾರೆ. ನೀರು ಬಿದ್ದರೂ ಸರಿ, ಬೀಳದಿದ್ದರೂ ಸರಿ. ಊರಿನಲ್ಲಿ ಬೋರ್ ಫೇಲ್ ಆಗುವುದನ್ನು ಕಂಡವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಒಂದು ಟನ್ನಿಗೆ (ಏಸಿಯ ಶಕ್ತಿ ಅಳೆಯುವ ಟನ್, ಸುಮಾರು 3.5 ಕಿಲೋವ್ಯಾಟ್) ಸಾಮಾನ್ಯವಾಗಿ 150ರಿಂದ 250 ಅಡಿ ಕೊರೆತ ಬೇಕು. 100 ಟನ್ನಿನ ಕಟ್ಟಡಕ್ಕೆ, ಟನ್ನಿಗೆ 200 ಅಡಿಯಂತೆ, 500 ಅಡಿಯ 40 ಬೋರ್. 20 ಅಡಿಗೊಂದರಂತೆ ಹಾಕಿದರೆ 16,000 ಚದರಡಿ, ನಮ್ಮ ಲೆಕ್ಕದಲ್ಲಿ ಸುಮಾರು 15 ಗುಂಟೆ. ಕೆಲಸ ಮುಗಿದ ಮೇಲೆ ಆ ಜಾಗದ ಮೇಲೆ ಆಟದ ಮೈದಾನವನ್ನೋ ಕಾರ್ ಪಾರ್ಕಿಂಗನ್ನೋ ಮಾಡಿಕೊಳ್ಳಬಹುದು.

ದೊಡ್ಡ ಪ್ರಮಾಣದಲ್ಲಿ ಇದನ್ನು ನೋಡಬೇಕೆಂದರೆ ಇಂಡಿಯಾನಾದ ಮನ್ಸಿಯಲ್ಲಿರುವ ಬಾಲ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ. ನಾಲ್ಕು ಹಳೆಯ ಕಲ್ಲಿದ್ದಲು ಬಾಯ್ಲರ್‌ಗಳ ಜಾಗಕ್ಕೆ 400-500 ಅಡಿಯ ಸುಮಾರು 3,600 ಬೋರ್ ಬಂದವು. ಕೆಲಸ ಶುರುವಾದದ್ದು 2009ರಲ್ಲಿ, ಕಲ್ಲಿದ್ದಲು ಉರಿಸುವುದು ನಿಂತದ್ದು 2014ರಲ್ಲಿ. ಅಲ್ಲಿನ ಯಂತ್ರಗಳು ಒಂದೇ ಹೊತ್ತಿಗೆ ಸುಮಾರು 65 ಡಿಗ್ರಿಯ ಬಿಸಿನೀರನ್ನೂ 6 ಡಿಗ್ರಿಯ ತಣ್ಣೀರನ್ನೂ ತಯಾರಿಸಿ ಕ್ಯಾಂಪಸ್ಸಿಗೆ ಕಳಿಸುತ್ತವೆ. ಒಂದು ಕಟ್ಟಡ ಬಿಟ್ಟ ಶಾಖ ಇನ್ನೊಂದಕ್ಕೆ ಸೇರುತ್ತದೆ, ಹೆಚ್ಚಾದದ್ದು ಮಾತ್ರ ನೆಲಕ್ಕೆ. ಹಲವು ಕಟ್ಟಡಗಳಿರುವ ಕ್ಯಾಂಪಸ್ ಒಂಟಿ ಕಟ್ಟಡಕ್ಕಿಂತ ಯಾವಾಗಲೂ ಮುಂದಿರುವುದು ಇದೇ ಕಾರಣಕ್ಕೆ.

ಹಳೆಯ ಕಟ್ಟಡಗಳವರಿಗೆ ಇಲ್ಲೊಂದು ಎಚ್ಚರಿಕೆ. ನಿಮ್ಮ ರೇಡಿಯೇಟರ್‌ಗಳು 80 ಡಿಗ್ರಿಯ ನೀರಿಗೆಂದು ಮಾಡಿದವಾಗಿದ್ದರೆ, 50 ಡಿಗ್ರಿಯ ನೀರಿನಲ್ಲಿ ಕೋಣೆ ಬೆಚ್ಚಗಾಗುವುದಿಲ್ಲ. ಕಿಟಕಿ, ಮಾಳಿಗೆ ಸರಿಮಾಡಿಸಿ ಮೊದಲು ಬೇಡಿಕೆಯನ್ನೇ ಇಳಿಸಿ. ಆಮೇಲೆ ಬಾಯ್ಲರಿನ ನೀರನ್ನು 50ಕ್ಕೆ ಇಳಿಸಿ ಒಂದು ಚಳಿಗಾಲ ನಡೆಸಿ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ, ತಿಳಿಯುವುದು ಬೇಕಾದಷ್ಟು.

ಜಾಗವೇ ಇಲ್ಲದಿದ್ದರೆ? ನ್ಯೂಯಾರ್ಕಿನ ನಟ್ಟನಡುವೆ ಇರುವ ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೆಡ್ರಲ್ 2017ರಲ್ಲಿ ಮ್ಯಾನ್‌ಹಟನ್ನಿನ ಗಟ್ಟಿ ಬಂಡೆಯಲ್ಲಿ 2,200 ಅಡಿಯವರೆಗಿನ 10 ಬಾವಿಗಳಿಂದ ಬಿಸಿ-ತಂಪು ಪಡೆಯಲು ಶುರುಮಾಡಿತು. ಇದನ್ನು ನಿಂತ ನೀರಿನ ಬಾವಿ ಎನ್ನಬಹುದು: ಬಾವಿಯ ನೀರನ್ನೇ ಎತ್ತಿ, ಶಾಖ ತೆಗೆದುಕೊಂಡು, ಅದೇ ಬಾವಿಗೆ ಬಿಡುವುದು. ಗಟ್ಟಿ ಬಂಡೆ, ಒಳ್ಳೆಯ ನೀರು ಎರಡೂ ಇದ್ದರೆ ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ. ಮರಳು ನೆಲದಲ್ಲಿ ಇದನ್ನು ಯೋಚಿಸಬೇಡಿ.

ತೆರೆದ ಲೂಪ್ ಎಂದರೆ ಒಂದು ಬಾವಿಯಿಂದ ನೀರೆತ್ತಿ ಇನ್ನೊಂದಕ್ಕೆ ಬಿಡುವುದು. ಪೋರ್ಟ್‌ಲೆಂಡಿನ ಈಕ್ವಿಟಬಲ್ ಕಟ್ಟಡ 1948ರಲ್ಲೇ ಅಂತರ್ಜಲದ ಹೀಟ್ ಪಂಪಿನಿಂದ ನಡೆಯಿತು. ಕೊರೆತ ಕಡಿಮೆ, ಆದ್ದರಿಂದ ಖರ್ಚೂ ಕಡಿಮೆ. ಆದರೆ ನೀರಿನಲ್ಲಿ ಕಬ್ಬಿಣ, ಸುಣ್ಣದ ಅಂಶ ಇದ್ದರೆ ಹೀಟ್ ಎಕ್ಸ್‌ಚೇಂಜರು ಕಟ್ಟಿಕೊಳ್ಳುತ್ತದೆ, ವಾಪಸು ಬಿಡುವ ಬಾವಿ ಮುಚ್ಚಿಹೋಗುತ್ತದೆ, ಪರವಾನಗಿಯ ಕೆಲಸ ಉದ್ದ. ನೀರಿನ ಪರೀಕ್ಷೆ ಮಾಡಿಸದೆ ಈ ಕಡೆ ಹೆಜ್ಜೆ ಇಡಬೇಡಿ. ಡಚ್ಚರು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಚಳಿಗಾಲದ ತಂಪನ್ನು ಒಂದು ಬಾವಿಯ ಸುತ್ತಲಿನ ಜಲಪದರದಲ್ಲಿ, ಬೇಸಿಗೆಯ ಬಿಸಿಯನ್ನು ಇನ್ನೊಂದರಲ್ಲಿ ಕೂಡಿಡುವ ಇಂಥ ವ್ಯವಸ್ಥೆಗಳು ನೆದರ್‌ಲೆಂಡ್ಸ್‌ನಲ್ಲಿ ಸಾವಿರಗಟ್ಟಲೆ ಇವೆ, ಬಹುಪಾಲು ಆಫೀಸು, ಆಸ್ಪತ್ರೆಗಳಿಗೇ.

ಕೆರೆ ಪಕ್ಕದಲ್ಲಿದ್ದರೆ ಅದನ್ನು ಬಿಡಬೇಡಿ. ಕನಿಷ್ಠ 8 ಅಡಿ ಆಳದಲ್ಲಿ ಪೈಪಿನ ಸುರುಳಿ ಮುಳುಗಿಸಿದರೆ ಕೊರೆತದ ಖರ್ಚೇ ಉಳಿಯಿತು. ಆಳದ ಸರೋವರವಾದರೆ ತಂಪಿಗೆ ಕಂಪ್ರೆಸರೇ ಬೇಡ. ಕಾರ್ನೆಲ್ ವಿಶ್ವವಿದ್ಯಾಲಯ 2000ರಿಂದ ಕಯೂಗ ಸರೋವರದ 250 ಅಡಿ ಆಳದ ನೀರಿನಿಂದ ಕ್ಯಾಂಪಸ್ ತಂಪಾಗಿಸುತ್ತಿದೆ, ನೀರು ತಣ್ಣಗಾಗಿಸುವ ಹಳೆಯ ಚಿಲ್ಲರ್‌ಗಳ ವಿದ್ಯುತ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಉಳಿಸಿಕೊಂಡು. ಟೊರಾಂಟೊದಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದಿಂದ ಬರುವ 4 ಡಿಗ್ರಿಯ ನೀರು ಮೊದಲು ಕಟ್ಟಡಗಳನ್ನು ತಂಪಾಗಿಸಿ, ಆಮೇಲೆ ಊರಿನ ನಲ್ಲಿಗೆ ಹೋಗುತ್ತದೆ.

ಅಡ್ಡ ಕಾಲುವೆಯ ಲೂಪ್ ಮನೆಗಳಿಗೆ ಸರಿ. ಎಕರೆಗಟ್ಟಲೆ ಜಾಗವಿರುವ ಹಳ್ಳಿಶಾಲೆಗೆ ಬಿಟ್ಟರೆ ದೊಡ್ಡ ಕಟ್ಟಡಕ್ಕೆ ಅದರ ಮಾತು ಬೇಡ.

ಕೊರೆಯುವ ಮೊದಲು

ಜರ್ಮನಿಯ ಸ್ಟೌಫೆನ್ ಎಂಬ ಹಳೆಯ ಊರಿನಲ್ಲಿ 2007ರಲ್ಲಿ ಪುರಭವನವನ್ನು ಬೆಚ್ಚಗಿಡಲೆಂದು 140 ಮೀಟರ್ ಆಳದ 7 ಬೋರ್ ಕೊರೆದರು. ನಡುವೆ ಅನ್‌ಹೈಡ್ರೈಟ್ ಪದರವಿತ್ತು. ಕೊರೆದ ದಾರಿಯಿಂದ ನೀರು ಅಲ್ಲಿಗೆ ನುಗ್ಗಿತು, ಅನ್‌ಹೈಡ್ರೈಟ್ ಜಿಪ್ಸಮ್ ಆಗಿ ಉಬ್ಬಿತು, ಮೇಲಿದ್ದ ಊರೇ ಎದ್ದಿತು. 200ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ಎಲ್ಲ ಕಡೆ ಹೀಗಾಗುತ್ತದೆಂದಲ್ಲ, ಇಂಥ ಬಂಡೆ ಅಪರೂಪ. ಆದರೂ ಭೂವಿಜ್ಞಾನಿಯ ವರದಿಗೆ ಕೊಡುವ ಹಣವನ್ನು ಯಾರೂ ಉಳಿಸಲು ಹೋಗಬಾರದು.

ಇನ್ನೊಂದು, ಪರೀಕ್ಷಾ ಬೋರ್. ಒಂದೇ ಒಂದು ಬೋರ್ ಕೊರೆಸಿ, ಪೈಪು ಇಳಿಸಿ, ಎರಡು ದಿನ ಒಂದೇ ಸಮನೆ ಶಾಖ ಕೊಟ್ಟು, ನೀರು ಹೇಗೆ ಬಿಸಿಯೇರುತ್ತದೆಂದು ಅಳೆಯುತ್ತಾರೆ. ನೆಲ ಶಾಖವನ್ನು ಎಷ್ಟು ಬೇಗ ದಾಟಿಸುತ್ತದೆ, ಕೊರೆತ ಎಷ್ಟು ಕಷ್ಟ, ಎರಡೂ ತಿಳಿಯುತ್ತವೆ. ಈ ವರದಿಯನ್ನು ಎಲ್ಲ ಕೊರೆಯುವವರಿಗೂ ಕೊಟ್ಟು ಆಮೇಲೆ ದರ ಕೇಳಿ. ತಿಳಿಯದ ನೆಲಕ್ಕೆ ದರ ಹೇಳುವವರು ಭಯವನ್ನೂ ಸೇರಿಸಿಯೇ ಹೇಳುತ್ತಾರೆ. ಆ ಬೋರ್ ವ್ಯರ್ಥವೂ ಆಗುವುದಿಲ್ಲ, ಮುಂದೆ ಲೂಪಿಗೆ ಸೇರುತ್ತದೆ.

ಗ್ರೌಟ್ ಹಾಕುವ ದಿನ ನಿಮ್ಮ ಕಡೆಯವರೊಬ್ಬರು ಅಲ್ಲಿರಲಿ. ತಳಕ್ಕೆ ಪೈಪು ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬಬೇಕು. ನಾನು ಹೋಗಿದ್ದ ಒಂದು ಶಾಲೆಯ ಸೈಟಿನಲ್ಲಿ ಸಂಜೆಯ ಆತುರಕ್ಕೆ ಮೇಲಿನಿಂದಲೇ ಸುರಿಯುತ್ತಿದ್ದರು. ನಿಲ್ಲಿಸಿ ಮತ್ತೆ ಮಾಡಿಸಬೇಕಾಯಿತು. ನಡುವೆ ಟೊಳ್ಳು ಉಳಿದರೆ ಶಾಖವೂ ದಾಟುವುದಿಲ್ಲ, ಮೇಲಿನ ಕೊಳಕು ನೀರು ಕೆಳಗಿನ ಕುಡಿಯುವ ನೀರಿಗೆ ಇಳಿಯಲು ದಾರಿಯೂ ಆಗುತ್ತದೆ.

ಪಂಪಿನ ಎಚ್‌ಪಿ ಕೇಳಲು ಮರೆಯಬೇಡಿ. 100 ಟನ್ ತಂಪಿಗೆ ಲೂಪ್ ಪಂಪು 5 ಎಚ್‌ಪಿ ಒಳಗಿದ್ದರೆ ವಿನ್ಯಾಸ ಚೆನ್ನಾಗಿದೆ. 10 ದಾಟಿದರೆ ನೆಲದಿಂದ ಉಳಿಸಿದ್ದನ್ನು ಪಂಪೇ ತಿನ್ನುತ್ತಿದೆ.

ಗ್ಯಾಸ್ ಬಾಯ್ಲರ್, ವಿಆರ್‌ಎಫ್ ಜೊತೆ ಹೋಲಿಸಿದರೆ

ಗ್ಯಾಸಿನ ಲೆಕ್ಕ ಸುಲಭ. ಬಿಲ್ಲಿನಲ್ಲಿರುವ ಒಂದು ಥರ್ಮ್ ಅಂದರೆ 29.3 ಯೂನಿಟ್ ಶಾಖ. ಶೇ. 90 ದಕ್ಷತೆಯ ಬಾಯ್ಲರಿನಿಂದ ಕೈಗೆ ಸಿಗುವುದು 26 ಯೂನಿಟ್. ಒಂದಕ್ಕೆ ಮೂರೂವರೆ ಕೊಡುವ ಹೀಟ್ ಪಂಪಿಗೆ ಅಷ್ಟೇ ಶಾಖಕ್ಕೆ ಏಳೂವರೆ ಯೂನಿಟ್ ವಿದ್ಯುತ್ ಸಾಕು. ನಿಮ್ಮ ಊರಿನಲ್ಲಿ ಏಳೂವರೆ ಯೂನಿಟ್ ವಿದ್ಯುತ್ತಿನ ಬೆಲೆ ಒಂದು ಥರ್ಮ್ ಗ್ಯಾಸಿಗಿಂತ ಕಡಿಮೆಯೇ? ಹಾಗಿದ್ದರೆ ಚಳಿಗಾಲದ ಬಿಲ್ಲಿನಲ್ಲಿ ಉಳಿತಾಯ. ಇಲ್ಲದಿದ್ದರೆ ಉಳಿತಾಯ ಬರುವುದು ಬೇಸಿಗೆಯ ತಂಪಿನಿಂದ, ನಿರ್ವಹಣೆಯಿಂದ ಮಾತ್ರ. ಅದನ್ನು ಕಮಿಟಿಗೆ ಮೊದಲೇ ಹೇಳಿಬಿಡಿ.

ವಿಆರ್‌ಎಫ್, ಅಂದರೆ ಗಾಳಿಯಿಂದ ಶಾಖ ಹೀರುವ ಯಂತ್ರಗಳು, ಕೊರೆತವಿಲ್ಲದ ಕಾರಣ ಅಗ್ಗ. ಒಂದೆರಡು ಮಹಡಿಯ ಕ್ಲಿನಿಕ್, ಬಾಡಿಗೆ ಆಫೀಸು, ಹತ್ತು ವರ್ಷದಲ್ಲಿ ಮಾರುವ ಕಟ್ಟಡ ಆಗಿದ್ದರೆ ನಾನು ಇದನ್ನೇ ಹೇಳುತ್ತೇನೆ. ತೀರಾ ಚಳಿ ಬಿದ್ದಾಗ, ಅಂದರೆ ಬಿಸಿ ಬಹಳ ಬೇಕಾದಾಗಲೇ, ಅದರ ಶಕ್ತಿ ಕುಗ್ಗುತ್ತದೆ, ಆಗಾಗ ನಿಂತು ತನ್ನ ಮೇಲಿನ ಹಿಮ ಕರಗಿಸಿಕೊಳ್ಳಬೇಕು. ಹಿಮ, ಮಳೆ, ಬಿಸಿಲಿಗೆ ಮೈಯೊಡ್ಡಿ ಹೊರಗೆ ನಿಲ್ಲುವ ಯಂತ್ರ ಅದು. ನೆಲದ ಲೂಪಿನ ಯಂತ್ರ ಒಳಗಿರುತ್ತದೆ, ಪೈಪು 50 ವರ್ಷ ಬಾಳುತ್ತದೆ. ಶಾಲೆ, ಆಸ್ಪತ್ರೆ, ದೇವಸ್ಥಾನಗಳು ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತವೆ, ಈ 50 ವರ್ಷಕ್ಕೆ ಬೆಲೆ ಬರುವುದು ಅವಕ್ಕೇ.

ಹೀಟ್ ಪಂಪುಗಳನ್ನು ಪ್ರತಿ ತರಗತಿಯ ಮೇಲ್ಛಾವಣಿಯಲ್ಲಿ ಇಡುವುದೋ, ಒಂದೇ ಯಂತ್ರಕೋಣೆಯಲ್ಲೋ? ಬಿಡಿಬಿಡಿಯಾಗಿಟ್ಟರೆ ಒಂದು ಕೆಟ್ಟರೆ ಒಂದೇ ಕೋಣೆ ತೊಂದರೆಗೆ ಬೀಳುತ್ತದೆ. ಆದರೆ ಪಾಠದ ನಡುವೆ ತಲೆಯ ಮೇಲೆ ಕಂಪ್ರೆಸರ್ ಗುರುಗುಟ್ಟುತ್ತದೆ, ಫಿಲ್ಟರ್ ಬದಲಿಸಲು ಏಣಿ ಹಿಡಿದು 60 ಕೋಣೆ ಸುತ್ತಬೇಕು. ಕಾರಿಡಾರಿನ ಅಲಮಾರಿಯಲ್ಲಿ ನಿಲ್ಲುವ ಯಂತ್ರಗಳನ್ನು ನಾನು ಇಷ್ಟಪಡುತ್ತೇನೆ.

ಹಣದ ಮಾತು. ಅಮೆರಿಕದ 2022ರ ಕಾಯ್ದೆಯಿಂದ, ಷರತ್ತು ಪೂರೈಸಿದರೆ, ಇಂಥ ಯೋಜನೆಯ ಖರ್ಚಿನ ಶೇ. 30ರಷ್ಟು ತೆರಿಗೆ ರಿಯಾಯಿತಿ ಸಿಗುವಂತಾಯಿತು. ತೆರಿಗೆಯನ್ನೇ ಕಟ್ಟದ ಶಾಲೆ, ದೇವಸ್ಥಾನ, ಧರ್ಮಾರ್ಥ ಆಸ್ಪತ್ರೆಗಳೂ ಅದನ್ನು ನಗದಾಗಿ ಪಡೆಯುವ ದಾರಿ ತೆರೆಯಿತು. ನಿಯಮಗಳು ಬದಲಾಗುತ್ತಿರುತ್ತವೆ, ಮೊದಲೇ ನೋಂದಣಿಯೂ ಬೇಕು, ಆದ್ದರಿಂದ ಲೆಕ್ಕಪರಿಶೋಧಕರನ್ನು ವಿನ್ಯಾಸದ ಮೊದಲ ಸಭೆಗೇ ಕರೆಯಿರಿ.

ಕರ್ನಾಟಕದಲ್ಲಿ?

ಊರಿನಿಂದಲೂ ಕೇಳುತ್ತಾರೆ, "ಇಲ್ಲಿ ಬೋರ್ ರಿಗ್ಗಿಗೇನೂ ಬರವಿಲ್ಲ, ನಾವೂ ಮಾಡಬಹುದಲ್ಲ?" ರಿಗ್ ಇದೆ, ಚಳಿಗಾಲ ಇಲ್ಲ. ಬೆಂಗಳೂರಿನ ನೆಲ ಸುಮಾರು 24 ಡಿಗ್ರಿ, ಕಟ್ಟಡ ವರ್ಷವಿಡೀ ಶಾಖ ತುಂಬುತ್ತಲೇ ಇರುತ್ತದೆ, ತೆಗೆಯುವವರು ಯಾರೂ ಇಲ್ಲ. ಹಗೇವು ತುಂಬಿಹೋಗುತ್ತದೆ. ಆಫೀಸಿಗೆ ಕೂಲಿಂಗ್ ಟವರ್ ಇರುವ ಒಳ್ಳೆಯ ಚಿಲ್ಲರ್, ಟವರಿಗೆ ಎಸ್‌ಟಿಪಿಯಿಂದ ಬರುವ ಸಂಸ್ಕರಿಸಿದ ಕೊಳಚೆನೀರು; ಅದೇ ಸರಿ. ಅದರ ಮೇಲೆ ಇನ್ನೂ ಉಳಿಸಬೇಕೆಂದರೆ ಇನ್ಫೋಸಿಸ್ ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಮಾಡಿದ್ದನ್ನು ನೋಡಿ. ಒಂದೇ ಕಟ್ಟಡದ ಒಂದರ್ಧಕ್ಕೆ ಮಾಮೂಲಿ ಏಸಿ, ಇನ್ನರ್ಧಕ್ಕೆ ಕಾಂಕ್ರೀಟಿನೊಳಗಿನ ಪೈಪಿನಲ್ಲಿ ತಣ್ಣೀರು ಹರಿಸಿ ಎರಡನ್ನೂ ಅಳೆದರು. ಪೈಪಿನ ಭಾಗ ಸುಮಾರು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ತೆಗೆದುಕೊಂಡಿತು. ದೆಹಲಿಯ ಕಡೆ ಚಳಿಗಾಲ ಇರುವುದರಿಂದ ನೆಲದ ಲೆಕ್ಕ ಎರಡೂ ಕಡೆ ನಡೆಯುತ್ತದೆ. ಗುರುಗ್ರಾಮದ ಬಳಿ ಟೆರಿ ಸಂಸ್ಥೆಯ ವಸತಿಗೃಹದಲ್ಲಿ 4 ಮೀಟರ್ ಆಳದ ಸುರಂಗಗಳ ಮೂಲಕ ಗಾಳಿ ಹಾಯಿಸುವ ವ್ಯವಸ್ಥೆ 2000ದಿಂದ ಇದೆ.

ಕರ್ನಾಟಕದಲ್ಲಿ ನಾನು ಹೀಟ್ ಪಂಪಿಗೆ ಹೂಂ ಅನ್ನುವುದು ಆಸ್ಪತ್ರೆ ಮತ್ತು ಹಾಸ್ಟೆಲ್‌ಗಳಿಗೆ, ಅದೂ ನೆಲದ ಗೊಡವೆಯಿಲ್ಲದೆ. ಆಪರೇಷನ್ ಥಿಯೇಟರಿನ ತಂಪಿಗಾಗಿ ಚಿಲ್ಲರ್ ಹೊರಗೆಸೆಯುವ ಶಾಖ ಟವರಿನಲ್ಲಿ ಆವಿಯಾಗಿ ಹೋಗುತ್ತಿರುತ್ತದೆ. ಅದೇ ಕಟ್ಟಡದ ಇನ್ನೊಂದು ಮೂಲೆಯಲ್ಲಿ ರೋಗಿಗಳ ಸ್ನಾನಕ್ಕೆ, ಬಟ್ಟೆ ಒಗೆಯಲು ಬಾಯ್ಲರ್ ಉರಿಯುತ್ತಿರುತ್ತದೆ. ನಡುವೆ ಒಂದು ಹೀಟ್ ಪಂಪ್ ಇಟ್ಟು ಆ ಶಾಖವನ್ನು ಬಿಸಿನೀರಿಗೆ ತಿರುಗಿಸಿದರೆ ಬಾಯ್ಲರಿನ ಡೀಸೆಲ್ಲೂ ಟವರಿನ ನೀರೂ ಒಟ್ಟಿಗೆ ಉಳಿಯುತ್ತವೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಚಿಲ್ಲರ್ ಮತ್ತು ಬಿಸಿನೀರಿನ ಟ್ಯಾಂಕು ಅಕ್ಕಪಕ್ಕ ಬರುವಂತೆ ಆರ್ಕಿಟೆಕ್ಟರಿಗೆ ಹೇಳಿ. ಒಂದು ನೆಲಮಾಳಿಗೆಯಲ್ಲಿ, ಇನ್ನೊಂದು ಐದನೇ ಮಹಡಿಯ ಮೇಲೆ ಕೂತ ಮೇಲೆ ಅವೆರಡನ್ನೂ ಸೇರಿಸುವ ಪೈಪಿನ ಖರ್ಚೇ ಈ ಯೋಚನೆಯನ್ನು ಕೈಬಿಡಿಸುತ್ತದೆ.